ನೈಲ್ ನದಿಯ ‘ಸುಡಾನ್’ ಉಗಿಹಡಗಿಗೆ ಅಷ್ಟು ಹಣ ಕೊಡಬೇಕೆ?

ನೀವು ವಿಜಯಪುರದಿಂದ ಕೇಳಿರುವುದು ಇಷ್ಟು: ನಿವೃತ್ತರಾದ ತಂದೆ ತಾಯಿಯನ್ನು ಈಜಿಪ್ಟಿಗೆ ಕರೆದೊಯ್ಯುವ ಯೋಚನೆಯಿದೆ, ತಂದೆಯವರು ‘ಸುಡಾನ್’ ಎಂಬ ಹಳೆಯ ಉಗಿಹಡಗಿನ ಚಿತ್ರ ನೋಡಿ ಅದರಲ್ಲಿಯೇ ಹೋಗೋಣ ಎನ್ನುತ್ತಿದ್ದಾರೆ, ಹೊಸ ಕ್ರೂಸ್ ಹಡಗಿಗೆ ಹೋಲಿಸಿದರೆ ಅದರ ದರ ಹಲವು ಪಟ್ಟು ಹೆಚ್ಚಿದೆ, ತಾಯಿಗೆ ಮೊಣಕಾಲು ನೋವು, ಮನೆಯವರೆಲ್ಲ ಸಸ್ಯಾಹಾರಿಗಳು. ಅಷ್ಟು ಹಣ ಕೊಡುವುದು ಸರಿಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಈಗ ಬಾಗಲಕೋಟೆಯ ನವನಗರದಲ್ಲಿದ್ದೇನೆ. ಮದುವೆಯಾಗಿ ನಲವತ್ತು ವರ್ಷವಾದ ನೆನಪಿಗೆಂದು ಮಕ್ಕಳು ಅರ್ಧ, ನಾವು ಅರ್ಧ ಹಣ ಹಾಕಿ, ಒಂದು ಜನವರಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಅದೇ ಹಡಗಿನಲ್ಲಿ ಲಕ್ಸರ್‌ನಿಂದ ಅಸ್ವಾನ್‌ವರೆಗೆ ಹೋಗಿದ್ದೆವು. ಆದ್ದರಿಂದ ನೇರವಾಗಿ ಹೇಳುತ್ತೇನೆ: ದೇವಾಲಯಗಳನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ ಆ ಹಣ ಕೊಡಬೇಡಿ, ಏಕೆಂದರೆ ಎಡ್ಫು, ಕೋಮ್ ಓಂಬೊ, ಫಿಲೆ ಯಾವ ಹಡಗಿನಿಂದ ಇಳಿದು ನೋಡಿದರೂ ಅವೇ. ನಿಮ್ಮ ತಂದೆ ಓಡುತ್ತಿರುವ ಯಂತ್ರದ ಮುಂದೆ ಒಂದು ತಾಸು ಸುಮ್ಮನೆ ನಿಲ್ಲಬಲ್ಲವರಾದರೆ ಮಾತ್ರ, ಬೇರೆ ಯಾವುದಾದರೂ ಖರ್ಚನ್ನು ಮುಂದೂಡಿಯಾದರೂ ಕರೆದುಕೊಂಡು ಹೋಗಿ.

ಈ ಹಡಗು 1921ರದು. ನೈಲ್ ಪ್ರವಾಸವನ್ನು ಉದ್ಯಮವಾಗಿಸಿದ ಥಾಮಸ್ ಕುಕ್ ಕಂಪನಿಗಾಗಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ್ದು. ಎರಡನೆಯ ಮಹಾಯುದ್ಧದಿಂದಾಗಿ ಪ್ರವಾಸಿಗರು ನಿಂತುಹೋದ ಮೇಲೆ ಹಲವು ದಶಕ ಮೂಲೆಗೆ ಬಿದ್ದಿದ್ದು, ಅನಂತರ ದುರಸ್ತಿಯಾಗಿ ಮತ್ತೆ ನೀರಿಗಿಳಿಯಿತು. ಹೆಸರಾಂತ ಪತ್ತೇದಾರಿ ಕಾದಂಬರಿಯೊಂದರ ನಂಟು ಇದಕ್ಕಿರುವುದರಿಂದ ದರವೂ ಏರಿದೆ, ಕೋಣೆಗಳೂ ಬಹಳ ಮೊದಲೇ ತುಂಬುತ್ತವೆ. ನನ್ನ ಮಟ್ಟಿಗೆ ಅದು ದೊಡ್ಡ ಸಂಗತಿಯಲ್ಲ. ದೊಡ್ಡ ಸಂಗತಿಯೆಂದರೆ, ಹಡಗನ್ನು ಇಂದಿಗೂ ಉಗಿಯೇ ನಡೆಸುತ್ತದೆ, ಆ ಯಂತ್ರವನ್ನು ಪ್ರಯಾಣಿಕರು ಹತ್ತಿರದಿಂದ ನೋಡಬಹುದು.

ಅದು ಮೂರು ಹಂತದಲ್ಲಿ ಉಗಿಯನ್ನು ಹಿಗ್ಗಿಸುವ ಯಂತ್ರ. ಬಾಯ್ಲರಿನಿಂದ ಬಂದ ಉಗಿ ಮೊದಲು ಚಿಕ್ಕ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ಅಲ್ಲಿಂದ ಒತ್ತಡ ತಗ್ಗಿ, ಹಿಗ್ಗಿ ಹೊರಬಂದ ಅದೇ ಉಗಿ ಮಧ್ಯದ ಸಿಲಿಂಡರಿಗೂ, ಇನ್ನಷ್ಟು ಹಿಗ್ಗಿ ಕೊನೆಯ ದೊಡ್ಡ ಸಿಲಿಂಡರಿಗೂ ಹೋಗುತ್ತದೆ. ಒತ್ತಡ ಕಡಿಮೆಯಾದಷ್ಟೂ ಪಿಸ್ಟನ್ನಿನ ಅಗಲ ಹೆಚ್ಚಬೇಕು, ಆಗಲೇ ಮೂರೂ ಸರಿಸುಮಾರು ಒಂದೇ ಬಲದಲ್ಲಿ ದುಡಿಯುತ್ತವೆ. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ಕುದಿಸಿ ಗಟ್ಟಿ ಮಾಡುವ ಇವಾಪೊರೇಟರ್ ಕಂಡವರಿಗೆ ಈ ಜಾಣತನ ಬೇಗ ತಿಳಿಯುತ್ತದೆ: ಅಲ್ಲಿ ಒಂದು ಬಾಡಿಯಲ್ಲಿ, ಅಂದರೆ ಪಾತ್ರೆಯಲ್ಲಿ, ಕುದ್ದ ರಸದ ಆವಿಯೇ ಮುಂದಿನ ಬಾಡಿಯ ರಸವನ್ನು ಕುದಿಸುತ್ತದೆ, ಒಮ್ಮೆ ಉರಿಸಿದ ಸಿಪ್ಪೆಯ ಬಿಸಿ ನಾಲ್ಕು ಸಲ ಕೆಲಸಕ್ಕೆ ಬರುತ್ತದೆ. ಇಡೀ ಆಯುಷ್ಯ ಕಬ್ಬಿಣದ ಹೊದಿಕೆಯೊಳಗೆ ನಡೆಯುತ್ತಿದ್ದ ಈ ಕೆಲಸವನ್ನು ಪೈಪಿನ ಸದ್ದಿನಿಂದ, ಗೇಜಿನ ಮುಳ್ಳಿನಿಂದ ಊಹಿಸಿಕೊಂಡವನು ನಾನು. ಇಲ್ಲಿ ಅದು ತೋಳು, ಮೊಣಕೈ, ಮಣಿಕಟ್ಟುಗಳ ಹಾಗೆ ಕಣ್ಣೆದುರಿಗೇ ಬಾಗಿ ಏಳುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ಅಲ್ಲಿ ನಿಂತಿದ್ದಾಗ ಎಣ್ಣೆ ಹಾಕುವ ಹಿರಿಯರೊಬ್ಬರು, ಪಿಸ್ಟನ್ನಿನ ನೂಕನ್ನು ಸುತ್ತಾಟವಾಗಿಸುವ ಕ್ರ್ಯಾಂಕ್ ಮೇಲಕ್ಕೆ ಬಂದ ಗಳಿಗೆಯನ್ನು ನೋಡಿಕೊಂಡು, ಅಂಗೈಯನ್ನಲ್ಲ, ಕೈಯ ಹಿಂಬದಿಯನ್ನು ಬೇರಿಂಗಿಗೆ ಒಮ್ಮೆ ಸೋಕಿಸಿ ತೆಗೆದರು. ಮುಂದಿನ ಸುತ್ತಿನಲ್ಲಿ ಪಕ್ಕದ ಬೇರಿಂಗಿಗೆ ಹಾಗೆಯೇ ಮಾಡಿದರು. ಬೇರಿಂಗ್ ಕಾದಿದೆಯೇ ಎಂದು ನೋಡುವ ಈ ರೀತಿಯನ್ನು ನನಗೆ ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಮೇಸ್ತ್ರಿಗಳು ಕಲಿಸಿದ್ದರು. ನಾನು ನನ್ನ ಕೈಯ ಹಿಂಬದಿಯನ್ನು ಅವರಿಗೆ ತೋರಿಸಿದೆ. ಅವರಿಗೆ ಕನ್ನಡ ಬಾರದು, ನನಗೆ ಅರಬ್ಬೀ ಬಾರದು. ಆದರೂ ಆಮೇಲಿನ ಎರಡು ದಿನ ನಾನು ಬಂದಾಗಲೆಲ್ಲ ಅವರು ಕಟಕಟೆಯ ಬಳಿ ನನಗೆ ಜಾಗ ಮಾಡಿಕೊಡುತ್ತಿದ್ದರು. ಇದನ್ನು ಬರೆಯುವಾಗಲೂ ನನಗೆ ಕಣ್ಣು ತುಂಬಿ ಬರುತ್ತದೆ.

ಯಂತ್ರದ ವಿಷಯ ಬೇಡವೆನ್ನುವವರಿಗೂ ಒಂದು ವ್ಯತ್ಯಾಸ ತಿಳಿಯುತ್ತದೆ. ಹಡಗಿನ ಎರಡೂ ಮಗ್ಗುಲಲ್ಲಿರುವ ಪ್ಯಾಡಲ್ ಚಕ್ರಗಳು ನಿಧಾನವಾಗಿ, ಒಂದೇ ಲಯದಲ್ಲಿ ನೀರನ್ನು ಬಡಿಯುತ್ತವೆ. ಡೀಸೆಲ್ ಎಂಜಿನ್ನಿನ ಬಿಡದ ನಡುಕ ಇಲ್ಲಿಲ್ಲ. ನನ್ನ ಹೆಂಡತಿ ಮೊದಲ ರಾತ್ರಿ ‘ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ ಎನಿಸುತ್ತದೆ’ ಎಂದಳು. ಹಾಗಂತ ಚಕ್ರ ಇಟ್ಟದ್ದು ಚೆಂದಕ್ಕಲ್ಲ. ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿದ ನಮ್ಮ ಹಿರಿಯರಿಗೆ ನೀರಿನಡಿಯ ಮರಳುದಿಬ್ಬದ ಕಾಟ ಗೊತ್ತಿತ್ತು. ನೈಲ್‌ನಲ್ಲಿಯೂ ಅದೇ ಕಾಟವಿರುವುದರಿಂದ, ಆಳ ಕಡಿಮೆ ಬೇಡುವ ಚಪ್ಪಟೆ ತಳದ ಹಡಗಿಗೆ ಪಕ್ಕದ ಚಕ್ರವೇ ಹೊಂದುತ್ತಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾವು ಮೊದಲು ವಿಚಾರಿಸಿದ ಪ್ರವಾಸ ಏಜೆಂಟರೊಬ್ಬರು ‘ಪಾರಂಪರಿಕ ಸ್ಟೀಮರ್’ ಎಂದು ಬೇರೊಂದು ಹಡಗಿನ ಚಿತ್ರ ಕಳುಹಿಸಿ ಮುಂಗಡ ಕೇಳಿದ್ದರು. ಬಾಯ್ಲರ್ ಎಲ್ಲಿದೆ, ಚಕ್ರದ ಶಾಫ್ಟನ್ನು ಯಾವುದು ತಿರುಗಿಸುತ್ತದೆ ಎಂದು ಎರಡು ಸಲ ಪತ್ರ ಬರೆದ ಮೇಲೆ, ಅದು ಡೀಸೆಲ್ ಹಡಗು, ಚಕ್ರ ಅಲಂಕಾರಕ್ಕೆ ಮಾತ್ರ ಎಂದು ಒಪ್ಪಿಕೊಂಡರು. ಉಗಿಯ ಯಂತ್ರ ತೆಗೆದು ಡೀಸೆಲ್ ಕೂರಿಸಿದ ಹಳೆಯ ಹಡಗುಗಳು ಜಗತ್ತಿನಲ್ಲಿ ಬಹಳ ಇವೆ. ಸ್ವೀಡನ್ನಿನ ಯೋಟಾ ಕಾಲುವೆಯಲ್ಲಿ ಓಡುವ, 1874ರಲ್ಲಿ ಕಟ್ಟಿದ ‘ಯೂನೊ’ ಕೂಡ ಈಗ ಡೀಸೆಲ್‌ನಲ್ಲಿಯೇ ಓಡುತ್ತದೆ. ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಉಗಿಗೆಂದೇ ಹೆಚ್ಚು ಹಣ ಕೊಡುವವರು ಆ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯದೆ ಮುಂಗಡ ಕಟ್ಟಬಾರದು. ಈಜಿಪ್ಟ್ ಕೈಗೆಟುಕದಿದ್ದರೆ ಸ್ವಿಟ್ಜರ್ಲೆಂಡಿನ ಲುಸರ್ನ್ ಸರೋವರದಲ್ಲಿ 1901ರ ‘ಉರಿ’ಯಿಂದ 1928ರ ‘ಶ್ಟಾಟ್ ಲುಸರ್ನ್’ವರೆಗೆ ಐದು ಉಗಿಹಡಗುಗಳು ಈಗಲೂ ಓಡುತ್ತವೆ, ರಾತ್ರಿ ವಾಸವಿಲ್ಲದಿದ್ದರೂ ಯಂತ್ರವನ್ನು ಮೇಲಿನಿಂದ ಕಣ್ತುಂಬ ನೋಡಬಹುದು.

ಪ್ರಯಾಣದ ದಾರಿಯ ಬಗ್ಗೆ ಹೇಳುವುದಾದರೆ, ಸಾಧ್ಯವಿದ್ದರೆ ಲಕ್ಸರ್‌ನಿಂದ ಅಸ್ವಾನ್ ಕಡೆಗೆ, ಅಂದರೆ ಪ್ರವಾಹಕ್ಕೆ ಎದುರಾಗಿ ಹೋಗುವ ಯಾನವನ್ನು ಆರಿಸಿಕೊಳ್ಳಿ. ನೈಲ್ ಉತ್ತರಕ್ಕೆ ಹರಿಯುತ್ತದೆ, ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುತ್ತದೆ. ಹೀಗಾಗಿ ಹಾಯಿದೋಣಿಗಳು ಮೇಲಕ್ಕೆ ಗಾಳಿಯಿಂದ, ಕೆಳಕ್ಕೆ ಪ್ರವಾಹದಿಂದ ಸಾಗುತ್ತಿದ್ದವು. ಪ್ರಾಚೀನ ಚಿತ್ರಲಿಪಿಯಲ್ಲಿ ದಕ್ಷಿಣದ ಪಯಣಕ್ಕೆ ಹಾಯಿ ಬಿಚ್ಚಿದ ದೋಣಿ, ಉತ್ತರದ ಪಯಣಕ್ಕೆ ಹಾಯಿ ಇಲ್ಲದ ದೋಣಿ ಗುರುತಾಗಿತ್ತು. ಉಗಿಹಡಗು ಬಂದದ್ದೇ ಆ ಗಾಳಿಯ ಹಂಗನ್ನು ಕಳೆಯಲು, ಪ್ರವಾಹಕ್ಕೆ ಎದುರಾಗಿ ಹೋದಾಗಲೇ ಅದರ ದುಡಿಮೆ ಚೆನ್ನಾಗಿ ತಿಳಿಯುತ್ತದೆ. ಹಡಗುಗಳನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಎಸ್ನಾದ ಲಾಕ್‌ನಲ್ಲಿ ಸರದಿಗಾಗಿ ತಡವಾಗುವುದುಂಟು, ಬೇಸರಪಡಬೇಡಿ.

ಕೋಮ್ ಓಂಬೊ ಸುತ್ತಮುತ್ತ ದಡದಲ್ಲಿ ಕಬ್ಬಿನ ಗದ್ದೆಗಳು ಕಾಣಿಸುತ್ತವೆ, ಅಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆಯೂ ಇದೆ. ಚಳಿಗಾಲದಲ್ಲಿ ಕಬ್ಬು ನುರಿಸುವ ಹಂಗಾಮು ನಡೆಯುತ್ತಿರುತ್ತದೆ. ಸೋಗೆ ಸುಟ್ಟ ವಾಸನೆ ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಸ್ವಾನ್ ಬಳಿಯ ಫಿಲೆ ದೇವಾಲಯಕ್ಕೆ ಮಾತ್ರ ಸಾಕಷ್ಟು ಹೊತ್ತು ಇಟ್ಟುಕೊಳ್ಳಿ. 1902ರ ಹಳೆಯ ಅಣೆಕಟ್ಟಿನ ನೀರಿನಲ್ಲಿ ವರ್ಷದ ಹಲವು ತಿಂಗಳು ಮುಳುಗಿರುತ್ತಿದ್ದ ಅದನ್ನು 1970ರ ದಶಕದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ, ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕಂಬಗಳ ಮೇಲೆ ನೀರು ನಿಂತ ಗೆರೆ ಇನ್ನೂ ಇದೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ನನ್ನ ಹೆಂಡತಿ ಆ ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಿದ್ದಳು. ಅಸ್ವಾನ್‌ನಲ್ಲಿ ಅನಂತರ ಕಟ್ಟಿದ ಎತ್ತರದ ಅಣೆಕಟ್ಟಿಗಾಗಿ ಊರು ಕಳೆದುಕೊಂಡ ನ್ಯೂಬಿಯನ್ ಜನರ ಬಗ್ಗೆ ಮಾರ್ಗದರ್ಶಿ ಹೇಳತೊಡಗಿದಾಗ ಅವಳು ಕೇಳಿದ ಪ್ರಶ್ನೆಗಳು ಬೇರೆ ಯಾರಿಗೂ ಹೊಳೆದಿರಲಿಲ್ಲ.

ಊಟದ ಚಿಂತೆ ಬೇಡ. ಬುಕಿಂಗ್ ಮಾಡುವಾಗಲೇ ಮೀನು, ಮೊಟ್ಟೆಯೂ ಬೇಡವೆಂದು ಸ್ಪಷ್ಟವಾಗಿ ಬರೆಯಿರಿ. ಕಾಳಿನ ಫೂಲ್, ಬೇಳೆ ಅನ್ನದ ಕೊಶರಿ, ರೊಟ್ಟಿಯಂಥ ಐಶ್ ಆ ದೇಶದ ದಿನನಿತ್ಯದ ಆಹಾರ. ನಾವು ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೂ ಉಪಯೋಗಕ್ಕೆ ಬಂದವು. ಡಿಸೆಂಬರ್, ಜನವರಿಯಲ್ಲಿ ಹೋದರೆ ಸಂಜೆ ಡೆಕ್‌ನಲ್ಲಿ ಶಾಲು ಬೇಕೇ ಬೇಕು.

ತಾಯಿಯವರ ಮೊಣಕಾಲಿನ ವಿಷಯವನ್ನು ಮುಚ್ಚಿಡದೆ ಹೇಳುತ್ತೇನೆ. ಈಜುಕೊಳ, ಲಿಫ್ಟ್‌ಗಳಂಥ ಹೊಸ ಹಡಗಿನ ಸೌಕರ್ಯಗಳನ್ನು ಇಲ್ಲಿ ಹುಡುಕಬೇಡಿ. ಅವರಿಗೆ ಹತ್ತಿಳಿಯುವುದು ತೀರ ಕಷ್ಟವಾಗಿದ್ದರೆ ಹೊಸ ಹಡಗೇ ಲೇಸು. ನಿಧಾನವಾಗಿ ಹತ್ತಬಲ್ಲವರಾದರೆ, ಊಟದ ಕೋಣೆಗೆ ಮೆಟ್ಟಿಲು ಕಡಿಮೆ ಇರುವ ಕೋಣೆಯನ್ನು ಮುಂಚಿತವಾಗಿ ಕೇಳಿ ಗೊತ್ತುಮಾಡಿಕೊಳ್ಳಿ. ದೇವಾಲಯಕ್ಕೆ ಹೋಗಲಾಗದ ದಿನ ಅವರು ಡೆಕ್‌ನ ಬೆತ್ತದ ಕುರ್ಚಿಯಲ್ಲಿ ಕುಳಿತರೂ ದಡದ ಎಮ್ಮೆಗಳು, ಖರ್ಜೂರದ ಮರಗಳು, ನೀರಿಗೆ ಬಂದ ಹೆಂಗಸರು ತಾವಾಗಿಯೇ ಮುಂದೆ ಸಾಗಿ ಬರುತ್ತಾರೆ. ಇನ್ನು ಹಡಗು ಹೊರಡುವ ಹೊತ್ತಿಗೆ ಇಬ್ಬರನ್ನೂ ಯಂತ್ರದ ಬಳಿ ಕರೆತನ್ನಿ. ಮೊದಲ ಉಗಿ ಒಳಹೊಕ್ಕು, ಅಷ್ಟು ಭಾರದ ಕ್ರ್ಯಾಂಕ್ ಸದ್ದಿಲ್ಲದೆ ಅರ್ಧ ಸುತ್ತು ತಿರುಗಿ, ಒಂದು ಕ್ಷಣ ತಡೆದು, ಮತ್ತೆ ಮುಂದುವರಿಯುವುದನ್ನು ಅವರು ನೋಡಲಿ.