ಉಟ್ರೆಕ್ಟ್ ಕಾಲುವೆ: ಅರ್ಧ ದಿನ ಸಾಕಾ?

ಆಮ್ಸ್ಟರ್‌ಡ್ಯಾಮ್‌ನಿಂದ ಅರ್ಧ ದಿನಕ್ಕೆ ಉಟ್ರೆಕ್ಟ್‌ಗೆ ಹೋಗಿ ಬರಬಹುದಾ, ಮೊಬೈಲ್‌ನಲ್ಲೇ ಒಳ್ಳೆಯ ಫೋಟೋ ಬರುತ್ತದಾ ಎಂದು ಕೇಳಿದ್ದೀರಿ. ಖಂಡಿತ ಹೋಗಿ ಬನ್ನಿ. ರೈಲಿನಲ್ಲಿ ಸುಮಾರು ಅರ್ಧ ಗಂಟೆ, ಅಷ್ಟೇ.

ಊರ ನಡುವಿನ ಔಡೆಗ್ರಾಕ್ಟ್ ಕಾಲುವೆಗೆ ಎರಡು ಅಂತಸ್ತು. ಮೇಲೆ ರಸ್ತೆ, ಅಂಗಡಿ, ಸೈಕಲ್. ಮೆಟ್ಟಿಲಿಳಿದರೆ ನೀರಿನ ಮಟ್ಟದಲ್ಲೇ ಕಟ್ಟೆ, ಅದರ ಪಕ್ಕ ಇಟ್ಟಿಗೆ ಕಮಾನಿನ ನೆಲಮಾಳಿಗೆಗಳು. ಹಿಂದೆ ದೋಣಿಯಿಂದ ಇಳಿಸಿದ ಸರಕನ್ನು ಸೀದಾ ಅಲ್ಲಿಗೇ ಸಾಗಿಸುತ್ತಿದ್ದರು. ಈಗ ಎಷ್ಟೋ ಕಡೆ ಹೋಟೆಲ್‌ಗಳಿವೆ. ಹೆಚ್ಚಿನವರು ಮೇಲಿನಿಂದ ಕ್ಲಿಕ್ಕಿಸಿ ಹೊರಟುಬಿಡುತ್ತಾರೆ. ನೀವು ಕೆಳಗಿಳಿಯಿರಿ. ಮೊಬೈಲನ್ನು ನೀರಿಗೆ ಹತ್ತಿರ ಹಿಡಿದರೆ ಸೇತುವೆಯ ಕಮಾನು, ನೀರಿನಲ್ಲಿ ಅದರ ಪ್ರತಿಬಿಂಬ ಸೇರಿ ಪೂರ್ತಿ ದುಂಡಗೆ ಕಾಣುತ್ತದೆ. ಕಟ್ಟೆಯ ಅಂಚಿಗೆ ಕಂಬಿ ಇಲ್ಲ, ಮಳೆ ಬಂದರೆ ಜಾರುತ್ತದೆ, ಜೋಪಾನ.

ಬೀದಿದೀಪದ ಕಂಬಗಳ ಬುಡವನ್ನೂ ನೋಡಿ. ಗೋಡೆಯಿಂದ ಚಾಚಿದ ಕಲ್ಲುಗಳಲ್ಲಿ ಪುಟ್ಟಪುಟ್ಟ ಕೆತ್ತನೆಗಳಿವೆ. ನನಗಂತೂ ಅವು ತುಂಬಾ ಇಷ್ಟ.

ಊರಿನ ಹಳೆಯ ಡೋಮ್ ಚರ್ಚಿನ ಗಂಟೆಗೋಪುರ, ಅಂದರೆ ಡೋಮ್ ಗೋಪುರ, 112 ಮೀಟರ್ ಎತ್ತರ. ಹತ್ತಿರದಿಂದ ಫ್ರೇಮಿಗೆ ಹಿಡಿಸುವುದು ಕಷ್ಟ, ಕಾಲುವೆಯ ದಕ್ಷಿಣ ಭಾಗದಿಂದ ತೆಗೆಯಿರಿ. ಗೋಪುರಕ್ಕೂ ಚರ್ಚಿಗೂ ನಡುವೆ ಬಯಲಿದೆ ಅಲ್ವಾ, ಅಲ್ಲಿದ್ದ ಚರ್ಚಿನ ಭಾಗ 1674ರ ಬಿರುಗಾಳಿಗೆ ಕುಸಿದಿತ್ತು.

ಜನ ಜಾಸ್ತಿ ಅನ್ನಿಸಿದರೆ ನ್ಯೂವೆಗ್ರಾಕ್ಟ್ ಕಾಲುವೆ ಕಡೆ ನಡೆಯಿರಿ. ಅದೂ ಎರಡು ಅಂತಸ್ತಿನದೇ, ಆದರೆ ಮನೆಗಳೇ ಹೆಚ್ಚು, ಗದ್ದಲ ಕಡಿಮೆ. ಸಮಯ ಒಂದೇ ಕಡೆಗೆ ಸಾಕಾಗುವಂತಿದ್ದರೆ, ನಾನು ಔಡೆಗ್ರಾಕ್ಟ್‌ಗೇ ಹೋಗಿ ಎನ್ನುತ್ತೇನೆ, ಅದೂ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ.