ನಡೆದು ನೋಡುವ ಸಫಾರಿ, ಹೊತ್ತೊಯ್ಯುವ ಬಿಡಾರ: ಲುವಾಂಗ್ವಾ ಕಣಿವೆಯ ಬಗ್ಗೆ ಓದುಗರ ಪ್ರಶ್ನೆಗಳು

ಜಾಂಬಿಯಾದ ಪೂರ್ವಕ್ಕಿರುವ ಲುವಾಂಗ್ವಾ ಕಣಿವೆ ಕಾಲ್ನಡಿಗೆ ಸಫಾರಿಯ ತವರು. ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿ 1950ರಲ್ಲಿ ಅಲ್ಲಿನ ನ್ಸೆಫು ಅರಸರ ಜೊತೆ ಸೇರಿ ಪ್ರವಾಸಿಗರಿಗೆಂದು ಬಿಡಾರ ತೆರೆದರು. ಕಾಡಿನೊಳಗೆ ಜನರನ್ನು ನಡೆಸಿಕೊಂಡು ಹೋಗುವುದನ್ನು ರೂಢಿಗೆ ತಂದವರೂ ಅವರೇ. ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ ಸುಮಾರು 9,050 ಚದರ ಕಿ.ಮೀ. ವಿಸ್ತಾರದ್ದು. ಅದರ ಉತ್ತರ ಭಾಗದ ಮುಪಮಾಡ್ಜಿ ಹೊಳೆಯ ಆಸುಪಾಸಿನಲ್ಲಿ ರಸ್ತೆಗಳು ತೀರಾ ಕಡಿಮೆ. ಸ್ಥಳ ಬದಲಿಸುವ ಹಗುರ ಬಿಡಾರಗಳಿಗೆ ಅದು ಹೇಳಿಮಾಡಿಸಿದ ಜಾಗ. ಅಲ್ಲಿಗೆ ಹೊರಟವರು ಕೇಳಿದ ಕೆಲವು ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ಕಬಿನಿ, ನಾಗರಹೊಳೆಯಲ್ಲಿ ಜೀಪ್ ಸಫಾರಿ ಮಾಡಿದ್ದೇನೆ. ನನಗೀಗ 58. ದಿನಕ್ಕೆ ಎಷ್ಟು ನಡೆಯಬೇಕಾಗುತ್ತದೆ? ಯಾವ ತಿಂಗಳು ಹೋಗಲಿ?

ವಯಸ್ಸು ಅಡ್ಡಿಯಲ್ಲ. ನೆಲ ಬಹುತೇಕ ಸಮತಟ್ಟು, ದಿನಕ್ಕೆ 8ರಿಂದ 10 ಕಿ.ಮೀ. ನಡಿಗೆ. ಬೆಳಿಗ್ಗೆ 6ಕ್ಕೆ ಹೊರಟು, ನಡುವೆ ಎಲ್ಲಾದರೂ ನೆರಳಿನಲ್ಲಿ ಚಹಾ ಕುಡಿದು, 10ರೊಳಗೆ ಹೊಸ ಬಿಡಾರ ತಲುಪುತ್ತೀರಿ. ಸಂಜೆ 4ರ ಮೇಲೆ ಇನ್ನೊಂದು ಸಣ್ಣ ಸುತ್ತು. ನಿಮ್ಮ ಸಾಮಾನೆಲ್ಲ ಲಾರಿಯಲ್ಲಿ ಬೇರೆ ದಾರಿಯಿಂದ ಮುಂದೆ ಹೋಗಿರುತ್ತದೆ. ಬೆನ್ನ ಮೇಲೆ ನೀರು, ದುರ್ಬೀನು, ಟೋಪಿ ಇದ್ದರೆ ಸಾಕು.

ದಣಿಸುವುದು ದೂರವಲ್ಲ, ನೆಲ. ನದಿ ಬಯಲಿನದು ಎರೆಮಣ್ಣು. ಗದಗ, ಧಾರವಾಡದ ಕಡೆಯವರಿಗೆ ಅದರ ಗುಣ ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಆನೆ, ನೀರಾನೆ ತುಳಿದ ಕೆಸರು ಜೂನ್ ಹೊತ್ತಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೆಜ್ಜೆ ಗುಂಡಿಗಳ ಮೇಲೆ ಒಣಹುಲ್ಲು ಬಿದ್ದಿರುತ್ತದೆ. ಕಾಲು ಉಳುಕುವುದು ಅಲ್ಲೇ. ಪಾರ್ಕಿನ ಕಾಂಕ್ರೀಟ್ ದಾರಿಯಲ್ಲಿ ವಾಕಿಂಗ್ ಮಾಡಿ ಇದಕ್ಕೆ ತಯಾರಾಗಲು ಆಗುವುದಿಲ್ಲ. ಎರಡು ತಿಂಗಳು ಮೊದಲೇ, ಅಲ್ಲಿಗೆ ಒಯ್ಯುವ ಶೂ ಹಾಕಿಕೊಂಡೇ, ಉತ್ತ ಹೊಲ ಅಥವಾ ಕೆರೆ ಏರಿಯ ಮೇಲೆ ವಾರಕ್ಕೆ ಮೂರು ದಿನ 6–8 ಕಿ.ಮೀ. ನಡೆಯಿರಿ.

ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ. ಆಗ ಇಂಥ ಬಿಡಾರವೇ ಇರುವುದಿಲ್ಲ, ಎರೆಮಣ್ಣಿನಲ್ಲಿ ಲಾರಿ ಹೂತುಹೋಗುತ್ತದೆ. ಜೂನ್, ಜುಲೈ ಮುಂಜಾವು 10 ಡಿಗ್ರಿ ಆಸುಪಾಸು ಇರುತ್ತದೆ, ಹುಲ್ಲು ಇನ್ನೂ ಎತ್ತರ, ಎದುರಿನದು ಕಾಣದು. ಅಕ್ಟೋಬರಿನಲ್ಲಿ ನೀರು ಇಂಗಿ ಪ್ರಾಣಿಗಳೆಲ್ಲ ನದಿಗೆ ಬಂದು ಸೇರುತ್ತವೆ, ಆದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, 9 ಗಂಟೆಗೇ ನಡಿಗೆ ಮುಗಿಸಬೇಕು. ನನ್ನ ಆಯ್ಕೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ.

ಪ್ರಶ್ನೆ: ಆನೆಯೋ ಸಿಂಹವೋ ಎದುರಾದರೆ ಏನು ಗತಿ? ಮುಂದೆ ನಡೆಯುವವರ ಬಂದೂಕನ್ನೇ ನಂಬಿಕೊಂಡಿರಬೇಕೇ?

ಬಂದೂಕು ಕೊನೆಯ ಉಪಾಯ. ಗುಂಡು ಹಾರಿಸುವ ಪರಿಸ್ಥಿತಿ ಬಂತೆಂದರೆ, ಅದಕ್ಕೂ ಹತ್ತು ನಿಮಿಷ ಮೊದಲು ಯಾರೋ ಲೆಕ್ಕ ತಪ್ಪಿದ್ದಾರೆ ಎಂದರ್ಥ. ಒಳ್ಳೆಯ ಗೈಡನ್ನು ಗುರುತಿಸುವುದು ಆತ ಎಷ್ಟು ಹತ್ತಿರ ಕರೆದೊಯ್ದ ಎಂಬುದರಿಂದಲ್ಲ, ಎಷ್ಟು ಬೇಗ ಹಿಂದೆ ಸರಿದ ಎಂಬುದರಿಂದ.

ಸಾಲಿನ ಕ್ರಮ ಹೀಗೆ: ಮೊದಲು ರೈಫಲ್ ಹಿಡಿದ ಸರ್ಕಾರಿ ಕಾವಲುಗಾರ, ಅವರ ಹಿಂದೆ ಗೈಡ್, ನಂತರ ನೀವು ಹೆಚ್ಚೆಂದರೆ ಆರು ಮಂದಿ, ಕೊನೆಗೆ ಚಹಾ ಸಾಮಾನು ಹೊತ್ತವರು. ಒಬ್ಬರ ಹಿಂದೆ ಒಬ್ಬರು, ನಡುವೆ ಒಂದೆರಡು ಹೆಜ್ಜೆ ಅಂತರ, ಮಾತಿಲ್ಲ. ಫೋಟೊ ತೆಗೆಯಲು ಒಬ್ಬರು ಹಿಂದುಳಿದು ಸಾಲು ತುಂಡಾಗುವುದೇ ಸಾಮಾನ್ಯ ತಪ್ಪು. ಒಟ್ಟಾಗಿರುವ ಗುಂಪು ಪ್ರಾಣಿಯ ಕಣ್ಣಿಗೆ ಒಂದೇ ದೊಡ್ಡ ಆಕಾರ. ಒಂಟಿಯಾಗಿ ನಿಂತವರು ಹಾಗಲ್ಲ. ನಿಲ್ಲಬೇಕಿದ್ದರೆ ಮುಂದಿನವರ ಬೆನ್ನು ಮೆಲ್ಲಗೆ ತಟ್ಟಿ, ಇಡೀ ಸಾಲು ನಿಲ್ಲುತ್ತದೆ.

ಗೈಡ್ ಆಗಾಗ ಬೂದಿ ತುಂಬಿದ ಪುಟ್ಟ ಬಟ್ಟೆ ಚೀಲ ಕೊಡವಿ ಗಾಳಿ ನೋಡುತ್ತಾರೆ. ಆನೆಗೆ ಕಣ್ಣು ಮಂದ, ಮೂಗು ಚುರುಕು. ಬೆಳಗಿನ ಹೊತ್ತು ಗಾಳಿ ಒಂದೇ ದಿಕ್ಕಿಗೆ ಬೀಸುತ್ತದೆ. ನೆಲ ಕಾದಂತೆ, ಸುಮಾರು 9ರ ನಂತರ, ಅದು ಸುತ್ತತೊಡಗುತ್ತದೆ. ಆಗ ಮರಿಗಳಿರುವ ಹೆಣ್ಣಾನೆಗಳ ಗುಂಪಿನ ಬಳಿ ಇರುವುದು ಸರಿಯಲ್ಲ. ಚೆನ್ನಾಗಿ ಕಾಣುತ್ತಿದ್ದರೂ ಗೈಡ್ ತಿರುಗಿ ಹೊರಟರೆ ಕಾರಣ ಬಹುಪಾಲು ಇದೇ. ಕಿವಿ ಅಗಲಿಸಿ, ತಲೆ ಎತ್ತಿ, ಧೂಳೆಬ್ಬಿಸುವ ಆನೆ ಸಾಮಾನ್ಯವಾಗಿ ಹೆದರಿಸುತ್ತಿರುತ್ತದೆ. ತಲೆ ತಗ್ಗಿಸಿ, ಸೊಂಡಿಲು ಒಳಸುತ್ತಿ, ಕಿವಿ ಹಿಂದಕ್ಕೊತ್ತಿ ಸದ್ದಿಲ್ಲದೆ ಬಂದರೆ ನಿಜವಾದ ದಾಳಿ. ಈ ಗುರುತುಗಳನ್ನು ಸೂತ್ರದಂತೆ ನಂಬಬೇಡಿ, ಓದುವ ಕೆಲಸ ಗೈಡಿಗೆ ಬಿಡಿ.

ನಮ್ಮ ಮಟ್ಟಿಗೆ ಹೆಚ್ಚು ಚಿಂತೆಯ ಪ್ರಾಣಿ ಆನೆಯಲ್ಲ, ಗುಂಪು ಬಿಟ್ಟ ಮುದಿ ಗಂಡು ಕಾಡೆಮ್ಮೆ. (ನಮ್ಮ ಕಾಟಿಯಲ್ಲ, ಆಫ್ರಿಕಾದ ಕಾಡೆಮ್ಮೆ ಬೇರೆಯೇ ಜಾತಿ.) ಪೊದೆಯಲ್ಲಿ ಮಲಗಿರುತ್ತದೆ, ಮುನ್ಸೂಚನೆ ಕೊಡದೆ ನುಗ್ಗುತ್ತದೆ. ಅದರ ಮೈಮೇಲೆ ಕೂತು ಉಣ್ಣಿ ಹೆಕ್ಕುವ ಆಕ್ಸ್‌ಪೆಕರ್ ಹಕ್ಕಿಗಳು ಜನರನ್ನು ಕಂಡರೆ ಚಿರಗುಟ್ಟಿ ಮೇಲೇಳುತ್ತವೆ. ಕಾವಲುಗಾರರು ಇದ್ದಕ್ಕಿದ್ದಂತೆ ನಿಂತು ತಲೆ ಓರೆ ಮಾಡಿದರೆ ಕೇಳುತ್ತಿರುವುದು ಆ ಸದ್ದನ್ನು. ಎಮ್ಮೆ ನುಗ್ಗಿದರೆ ದಪ್ಪ ಮರದ ಅಥವಾ ದೊಡ್ಡ ಹುತ್ತದ ಹಿಂದೆ ಸೇರಬೇಕು. ಅದಕ್ಕೇ ನಡೆಯುವಾಗ ‘ಈಗ ಬಂದರೆ ಯಾವ ಮರ?’ ಎಂದು ನೋಡಿಕೊಳ್ಳುವ ಅಭ್ಯಾಸವಿರಲಿ. ನೀರಾನೆಯದು ಬೇರೆ ಲೆಕ್ಕ: ರಾತ್ರಿ ಮೇದು ಬೆಳಗಿನ ಜಾವ ನೀರಿಗೆ ಮರಳುವ ಅದರ ಮತ್ತು ನೀರಿನ ನಡುವೆ ಎಂದೂ ನಿಲ್ಲಬಾರದು. ಗಾಡಿಯ ಗಾಲಿ ಜಾಡಿನಂತೆ ಜೋಡಿ ಗೆರೆ ಇರುವ ದಾರಿ ಕಂಡರೆ ಅದು ನೀರಾನೆಯದು. ಸಿಂಹದ ಎದುರು ಮಾತ್ರ ಓಡಲೇಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಒತ್ತಾಗಿ, ಅದರತ್ತ ಮುಖ ಮಾಡಿ ನಿಂತು, ಗೈಡ್ ಹೇಳಿದಾಗ ಹಿಂದಿಂದಕ್ಕೆ ಹೆಜ್ಜೆ ಇಡಿ.

ಪ್ರಶ್ನೆ: ಬೇಲಿಯಿಲ್ಲದ ಕಡೆ ಟೆಂಟಿನಲ್ಲಿ ಮಲಗುವುದು ಹೇಗೆ? ರಾತ್ರಿ ಶೌಚಕ್ಕೆ ಹೋಗಬೇಕಾದರೆ? ಸ್ನಾನ?

ಸುರಕ್ಷತೆ ಟೆಂಟಿನಲ್ಲಿಲ್ಲ, ಜಾಗದ ಆಯ್ಕೆಯಲ್ಲಿದೆ. ನದಿ ತಿರುವಿನ ಹೊರಬದಿಯ ದಂಡೆ ಕುಸಿಯುತ್ತದೆ, ಅಲ್ಲಿ ಬೇಡ. ನೀರಂಚಿನಲ್ಲಿ ಮೊಸಳೆ, ನೀರಾನೆ. ಪ್ರಾಣಿಗಳ ಕಾಲುದಾರಿಯ ಮೇಲಂತೂ ಕೂಡದು. ನೆರಳಿಗೆಂದು ಆನೆ ತೊರಡುಕಾಯಿ ಮರದ ಕೆಳಗೆ ಟೆಂಟ್ ಹಾಕುವವರಿದ್ದಾರೆ. ಬೆಂಗಳೂರಿನ ಉದ್ಯಾನಗಳಲ್ಲಿ ಸೋರೆಯಂತೆ ಉದ್ದನೆಯ ಕಾಯಿ ಜೋತುಬಿದ್ದಿರುವ ಮರವನ್ನು ನೋಡಿದ್ದೀರಲ್ಲ, ಅದರ ತವರು ಆಫ್ರಿಕಾ. ಐದಾರು ಕಿಲೋ ತೂಗುವ ಕಾಯಿ ಮೇಲಿಂದ ಬಿದ್ದರೆ ಟೆಂಟೂ ಉಳಿಯದು, ತಲೆಯೂ ಉಳಿಯದು. ಆನಾ ಮರದ ಕೆಳಗೂ ಬೇಡ. ಒಣಗಾಲದ ಕೊನೆಗೆ ಉದುರುವ ಅದರ ಕಾಯಿಗಾಗಿ ಆನೆಗಳು ರಾತ್ರಿಯೂ ಬರುತ್ತವೆ. ಜಾಗ ಆರಿಸಿದ ಮೇಲೆ ತರಗೆಲೆ ಗುಡಿಸುತ್ತಾರೆ. ಬೆಂಕಿ ಹಬ್ಬಬಾರದು, ಜೊತೆಗೆ ಬೆಳಿಗ್ಗೆ ಯಾರು ಬಂದುಹೋದರೆಂದು ಮಣ್ಣಿನಲ್ಲಿ ಓದಬಹುದು.

ಜಿಪ್ ಪೂರ್ತಿ ಎಳೆದ ಟೆಂಟನ್ನು ಪ್ರಾಣಿಗಳು ಹುತ್ತವೋ ಬಂಡೆಯೋ ಎಂಬಂತೆ ಸುತ್ತಿ ಹೋಗುತ್ತವೆ. ತೊಂದರೆಯಾಗುವುದು ಅರ್ಧ ತೆರೆದಿಟ್ಟಾಗ, ಇಲ್ಲವೇ ಒಳಗೆ ತಿಂಡಿ ಇಟ್ಟಾಗ. ಕಿತ್ತಳೆ, ಮಾವಿನ ವಾಸನೆಗೆ ಆನೆ ಸೊಂಡಿಲು ಹಾಕುತ್ತದೆ. ಹೊರಗೆ ಬಿಟ್ಟ ಚರ್ಮದ ಶೂವನ್ನು ಕತ್ತೆಕಿರುಬ ಒಯ್ಯುತ್ತದೆ, ಮರುದಿನ ನಡೆಯಲು ನಿಮ್ಮ ಬಳಿ ಶೂವೇ ಇರುವುದಿಲ್ಲ. ಶೂ ಒಳಗಿರಲಿ, ಹಾಕಿಕೊಳ್ಳುವ ಮೊದಲು ಚೇಳಿಗಾಗಿ ಒಮ್ಮೆ ಕೊಡವಿ.

ಶೌಚಕ್ಕೆ ಮೊಣಕಾಲಿಗಿಂತ ಆಳವಾದ ಗುಂಡಿ, ಮೇಲೊಂದು ಆಸನ, ಸುತ್ತ ಬಟ್ಟೆಯ ಮರೆ, ಪಕ್ಕದಲ್ಲಿ ಬೂದಿಯ ಡಬ್ಬ. ಪ್ರತಿ ಸಲ ಒಂದು ಸೌಟು ಬೂದಿ ಹಾಕಿದರೆ ನೊಣ, ವಾಸನೆ ಎರಡೂ ಕಡಿಮೆ. ಕಾಗದ ತಂದವರು ಅದನ್ನು ಅದರೊಳಗೇ ಹಾಕಿ, ಗಾಳಿಗೆ ಬಿಡಬೇಡಿ. ತಂಬಿಗೆ ಬೇಕೆನ್ನುವವರು ಮೊದಲೇ ಹೇಳಿದರೆ ಒಂದು ಜಗ್ ಇಡುತ್ತಾರೆ. ಕತ್ತಲಾದ ಮೇಲೆ ಒಬ್ಬರೇ ಹೋಗುವಂತಿಲ್ಲ. ಮೂತ್ರಕ್ಕೆ ಟೆಂಟಿನೊಳಗೇ ಅಗಲ ಬಾಯಿಯ, ಭದ್ರ ಮುಚ್ಚಳದ ಬಾಟಲಿ ಇಟ್ಟುಕೊಳ್ಳಿ. ಹೆಂಗಸರಿಗೆ ಮುಚ್ಚಳವಿರುವ ಸಣ್ಣ ಬಕೆಟ್ ಉತ್ತಮ. ಮುಜುಗರ ಮೊದಲ ರಾತ್ರಿಯಷ್ಟೇ. ಹೊರಗೆ ಹೋಗಲೇಬೇಕಿದ್ದರೆ ಮೊದಲು ಟಾರ್ಚ್ ಹಾಯಿಸಿ, ಹೊಳೆಯುವ ಕಣ್ಣುಗಳಿವೆಯೇ ನೋಡಿ. ಸೀಟಿ ಊದಿ, ಬಿಡಾರದವರು ಬರುವವರೆಗೆ ಕಾಯಿರಿ.

ಸ್ನಾನ ಮರದ ಕೊಂಬೆಗೆ ಹಗ್ಗದಿಂದ ಎಳೆದು ಕಟ್ಟಿದ 20 ಲೀಟರಿನ ಕ್ಯಾನ್ವಾಸ್ ಬಕೆಟಿನಿಂದ. ತಳದಲ್ಲಿ ಶವರ್ ತಲೆ. ಮೈ ಒದ್ದೆ ಮಾಡಿ, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆದರೆ ಸಾಕಾಗುತ್ತದೆ. ಸುಮ್ಮನೆ ಬಿಟ್ಟುಕೊಂಡು ನಿಂತರೆ ತಲೆಯ ನೊರೆ ತಲೆಯಲ್ಲೇ ಉಳಿಯುತ್ತದೆ. ಸ್ನಾನದ ನೀರು ಒಣ ಹೊಳೆಯ ಮರಳಿನಲ್ಲಿ ತೋಡಿದ ಒರತೆಯದು. ಕುಡಿಯುವ ನೀರು ಬೇರೆ ಕ್ಯಾನುಗಳಲ್ಲಿ ಬರುತ್ತದೆ. ನಡಿಗೆಗೆ ತಲಾ 2 ಲೀಟರ್ ಒಯ್ಯಿರಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟದ ಗತಿ ಏನು?

ಉಪವಾಸ ಬೀಳುವುದಿಲ್ಲ, ಆದರೆ ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಬೇಕು. ಲಾರಿ ಹೊರಟ ಮೇಲೆ ಆ ಕಾಡಿಗೆ ಸೊಪ್ಪು, ಬೇಳೆ ಬರುವುದಿಲ್ಲ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ಬಡಿಸಬಹುದು. ಮೀನು, ಮೊಟ್ಟೆ, ಮಾಂಸದ ಸಾರು ಇವುಗಳಲ್ಲಿ ಯಾವುದು ಬೇಡವೆಂದು ಬಿಡಿಸಿ ಹೇಳಿ. ಕಬ್ಬಿಣದ ಟ್ರಂಕನ್ನು ಕೆಂಡದಲ್ಲಿಟ್ಟು, ಮೇಲೂ ಕೆಂಡ ಹರಡಿ, ಅದರೊಳಗೆ ದಿನವೂ ಬ್ರೆಡ್ ಸುಡುತ್ತಾರೆ. ಸ್ಥಳೀಯರ ದಿನದ ಊಟ ನ್ಶಿಮಾ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಎಂದರೆ ತಪ್ಪಾಗದು, ಜೊತೆಗೆ ಬೆಂದ ಸೊಪ್ಪು. ಮುದ್ದೆ ಉಂಡು ಬೆಳೆದವರು ಅಡುಗೆಯವರನ್ನು ಕೇಳಿ ತಿನ್ನಿ, ಅವರಿಗೂ ಖುಷಿ. ಚಟ್ನಿಪುಡಿ ಒಯ್ಯಿರಿ, ಆದರೆ ಅದು ಅಡುಗೆಯವರ ಪೆಟ್ಟಿಗೆಯಲ್ಲಿರಲಿ.

ಪ್ರಶ್ನೆ: ಬಟ್ಟೆ, ಬ್ಯಾಗು ಹೇಗಿರಬೇಕು?

ಮೃದುವಾದ, ಗಾಲಿಯಿಲ್ಲದ ಬ್ಯಾಗು. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲವೂ ಸೇರಿ 15 ಕೆ.ಜಿ. ಮಿತಿ, ಗಟ್ಟಿ ಸೂಟ್‌ಕೇಸ್ ಅದರ ಡಿಕ್ಕಿಗೆ ಹಿಡಿಸುವುದೇ ಇಲ್ಲ. ಮೂರು ಜೊತೆ ಬಟ್ಟೆ ಸಾಕು, ಬಿಡಾರದಲ್ಲೇ ಒಗೆದುಕೊಡುತ್ತಾರೆ. ಕಂದು, ಮಾಸಲು ಹಸಿರು, ಖಾಕಿ ಬಣ್ಣಗಳಿರಲಿ. ಬಿಳಿ ದೂರದಿಂದ ಕಾಣುತ್ತದೆ. ನೀಲಿ, ಕಪ್ಪು ಬಣ್ಣಕ್ಕೆ ರಕ್ತ ಹೀರುವ ತ್ಸೆತ್ಸೆ ನೊಣ ಮುತ್ತುತ್ತದೆ. ಆ ನೊಣ ಹಿಡಿಯುವ ಬಲೆಯನ್ನೂ ನೀಲಿ, ಕಪ್ಪು ಬಟ್ಟೆಯಲ್ಲೇ ಮಾಡುತ್ತಾರೆ. ಸೈನಿಕರ ಚಿತ್ತಾರದ ಬಟ್ಟೆ ಜಾಂಬಿಯಾದಲ್ಲಿ ಸಾಮಾನ್ಯರಿಗೆ ನಿಷಿದ್ಧ. ಮಕ್ಕಳ ಟೋಪಿಯಲ್ಲಿದ್ದರೂ ಮನೆಯಲ್ಲೇ ಬಿಡಿ.

ಉದ್ದ ತೋಳು, ಉದ್ದ ಪ್ಯಾಂಟ್ ಇರಲೇಬೇಕು. ಕಾರಣ ಮುಳ್ಳಷ್ಟೇ ಅಲ್ಲ, ನಸುಗುನ್ನಿ ಅಲ್ಲೂ ಇದೆ. ನಮ್ಮ ಬೇಲಿಗಳ ಅದೇ ತುರಿಕೆ ಕಾಯಿ ಒಣಗಿ, ರೋಮ ಗಾಳಿಯಲ್ಲಿ ಹಾರುತ್ತದೆ. ತಾಗಿದರೆ ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಕಿತ್ತು, ನಂತರ ತೊಳೆಯಿರಿ. ಪಫ್ ಆಡರ್ ಎಂಬ ಹಾವು ನಮ್ಮ ಕೊಳಕುಮಂಡಲದಂತೆ ಬಿದ್ದಲ್ಲೇ ಬಿದ್ದಿರುತ್ತದೆ, ಹೆಜ್ಜೆ ಸದ್ದಿಗೆ ಸರಿಯದು. ಅದಕ್ಕಾಗಿ ಹರಡು ಮುಚ್ಚುವ ಶೂ.

ಪ್ರಶ್ನೆ: ಮಲೇರಿಯಾ ಮಾತ್ರೆ, ಲಸಿಕೆ ಯಾವುವು? ಒಂಬತ್ತು ವರ್ಷದ ಮಗನನ್ನೂ ಕರೆದೊಯ್ಯಬಹುದೇ?

ಮಗನದು ಮೊದಲು ಹೇಳಿಬಿಡುತ್ತೇನೆ: ಬೇಡ. ಕನಿಷ್ಠ 12 ವರ್ಷ ಎಂಬುದು ಅಲ್ಲಿನ ರೂಢಿ, ಕೆಲವರು ಇನ್ನೂ ಹೆಚ್ಚು ಕೇಳುತ್ತಾರೆ. ಸಿಂಹದೆದುರು ಓಡಬೇಡ ಎಂಬ ಮಾತನ್ನು ಪಾಲಿಸುವ ವಯಸ್ಸು ಅದಲ್ಲ.

ಕಣಿವೆಯಲ್ಲಿ ಒಣಗಾಲದಲ್ಲೂ ಮಲೇರಿಯಾ ಇದೆ. ಅಟೊವಾಕ್ವೋನ್–ಪ್ರೊಗ್ವಾನಿಲ್ ಮಾತ್ರೆಯನ್ನು ಹೋಗುವ ಒಂದೆರಡು ದಿನ ಮೊದಲು ಶುರುಮಾಡಿ, ಬಂದ ಮೇಲೆ 7 ದಿನ ತೆಗೆದುಕೊಳ್ಳಬೇಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಬಂದ ಮೇಲೂ 4 ವಾರ ಬೇಕು, ಬಿಸಿಲಿಗೆ ಚರ್ಮ ಸುಡುತ್ತದೆ. ದಿನವೂ ಬಿಸಿಲಲ್ಲಿ ನಡೆಯುವವರಿಗೆ ಅದು ಸಣ್ಣ ಮಾತಲ್ಲ. ಯಾವುದೆಂದು ನಿಮ್ಮ ವೈದ್ಯರು ನಿರ್ಧರಿಸಲಿ. ಹೆಚ್ಚಿನವರು ಎಡವುವುದು ಮನೆಗೆ ಬಂದ ಮೇಲೆ, ಮಾತ್ರೆ ಬಿಟ್ಟು. ತ್ಸೆತ್ಸೆ ನೊಣದಿಂದ ನಿದ್ರಾರೋಗ ಬರುವುದು ಪ್ರವಾಸಿಗರಲ್ಲಿ ಅಪರೂಪ, ಆದರೂ ಕಚ್ಚಿದ ಜಾಗದಲ್ಲಿ ಕೆಲವೇ ದಿನಗಳಲ್ಲಿ ನೋಯುವ ಗಂಟು ಎದ್ದರೆ ಗಮನಿಸಿ. ವಾಪಸಾದ ಕೆಲವು ತಿಂಗಳೊಳಗೆ ಜ್ವರ ಬಂದರೆ ಡೆಂಗಿ, ವೈರಲ್ ಎಂದು ಕಾಯದೆ ‘ಜಾಂಬಿಯಾಕ್ಕೆ ಹೋಗಿದ್ದೆ’ ಎಂದು ಹೇಳಿ ಅದೇ ದಿನ ರಕ್ತಪರೀಕ್ಷೆ ಮಾಡಿಸಿ.

ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗಿಬರುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿ, ಪ್ರಮಾಣಪತ್ರ ಕೈಚೀಲದಲ್ಲಿಡಿ. ಆ ದೇಶಗಳಲ್ಲಿ ತಂಗಿ ಬಂದವರನ್ನು ಭಾರತಕ್ಕೆ ಮರಳುವಾಗ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸುವ ಅಧಿಕಾರವೂ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ವಿಮೆ ಮಾಡಿಸುವಾಗ, ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚ ಮತ್ತು ‘ಕಾಲ್ನಡಿಗೆ ಸಫಾರಿ’ ಎರಡೂ ಪಾಲಿಸಿಯಲ್ಲಿ ಬರೆದಿವೆಯೇ ನೋಡಿ. ಬಿಡಾರದವರ ಬಳಿ ಉಪಗ್ರಹ ಫೋನ್ ಇದೆಯೇ, ಹತ್ತಿರದ ವಿಮಾನಪಟ್ಟಿಗೆ ಎಷ್ಟು ಗಂಟೆ ದಾರಿ ಎಂದು ಮುಂಗಡ ಕಟ್ಟುವ ಮೊದಲೇ ಕೇಳಿ.