ಫೌಂಡ್ರಿ ಹುಡುಗ್ರಿಗೆ ವಿಆರ್ ಟ್ರೈನಿಂಗ್ ಕೊಡಿಸ್ಬೋದಾ?

ಪ್ರಶ್ನೆ: ಸರ್, ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫೌಂಡ್ರಿಲಿ (ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯೋ ಕಾರ್ಖಾನೆ) ಸೇಫ್ಟಿ ನೋಡ್ಕೊಳ್ತೀನಿ. ಹೊಸದಾಗಿ ಸೇರೋ ಐಟಿಐ ಹುಡುಗ್ರಿಗೆ ವಿಆರ್ ಹೆಡ್‌ಸೆಟ್ (ಕಂಪ್ಯೂಟರ್‌ನಲ್ಲಿ ಮಾಡಿದ ಜಾಗದೊಳಗೇ ಇದ್ದಂಗೆ ತೋರ್ಸೋ, ಕಣ್ಣಿಗೆ ಕಟ್ಕೊಳ್ಳೋ ಸಾಧನ) ಹಾಕಿ ಟ್ರೈನಿಂಗ್ ಕೊಡೋಣ ಅಂತ ಒಬ್ಬ ವೆಂಡರ್ ಡೆಮೊ ತೋರ್ಸಿದ್ರು, ಮಾಲೀಕ್ರಿಗೆ ಇಷ್ಟ ಆಗಿದೆ, ಆದ್ರೆ ನಮ್ಮ ಹಳೇ ಮೇಸ್ತ್ರಿ ‘ಕಬ್ಬಿಣದ ಕೆಲ್ಸ ಕನ್ನಡಕ ಹಾಕ್ಕೊಂಡ್ರೆ ಬರಲ್ಲ’ ಅಂತಿದಾರೆ. ಏನ್ ಮಾಡ್ಲಿ?
– ಒಬ್ಬ ಓದುಗರು, ಭದ್ರಾವತಿ

ಉತ್ತರ: ಕೈಕೆಲ್ಸದ ಮಟ್ಟಿಗೆ ಮೇಸ್ತ್ರಿ ಮಾತೇ ಸರಿ. ಮರಳು ಎಷ್ಟು ಗಟ್ಟಿ ಬಡಿದ್ರೆ ಮೋಲ್ಡ್ (ಅಚ್ಚು) ನಿಲ್ಲುತ್ತೆ, ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ (ದೊಡ್ಡ ಸೌಟು) ಬಗ್ಗಿಸುವಾಗ ಮುಖಕ್ಕೆ ಹೊಡೆಯೋ ಝಳ ಹೇಗಿರುತ್ತೆ, ಇದ್ಯಾವ್ದೂ ಹೆಡ್‌ಸೆಟ್‌ನಲ್ಲಿ ಸಿಗಲ್ಲ.

ಆದ್ರೂ ತಗೊಳ್ಳಿ ಅಂತಾನೇ ಹೇಳ್ತೀನಿ. ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ಕರಗಿಸೋಕೆ ಅಂತ ಯಾರ್ಡ್‌ನಲ್ಲಿಟ್ಟಿರೋ ಸ್ಕ್ರ್ಯಾಪ್ ಒಳಗೆಲ್ಲ ನೀರು ಕೂತಿರುತ್ತೆ, ಯಾವ್ದೋ ಪೈಪ್ ತುಂಡಲ್ಲಿ ಒಂದು ಲೋಟ ನೀರಿದ್ದು ಅದು ಕರಗಿದ ಕಬ್ಬಿಣದೊಳಗೆ ಹೋದ್ರೆ ಸಾಕು, ಅಲ್ಲಿ 1,400 ಡಿಗ್ರಿ ಆಸುಪಾಸು ಬಿಸಿ, ನೀರು ಆವಿ ಆದ್ರೆ ಸುಮಾರು 1,700 ಪಟ್ಟು ಹಿಗ್ಗುತ್ತೆ, ಫರ್ನೇಸ್‌ನಲ್ಲಿರೋದು ಸಿಡಿದು ನಿಂತವ್ರ ಮೈಮೇಲೆ ಬೀಳುತ್ತೆ. ಇದನ್ನ ನಿಜವಾಗಿ ಮಾಡಿ ತೋರ್ಸೋಕಾಗುತ್ತಾ? ‘ಒದ್ದೆ ಸ್ಕ್ರ್ಯಾಪ್ ಹಾಕಬೇಡಿ’ ಅಂತ ಪಿಪಿಟಿ ತೋರ್ಸಿದ್ರೆ ತಲೆ ಆಡಿಸಿ ಮರ್ತು ಬಿಡ್ತಾರೆ. ಹೆಡ್‌ಸೆಟ್‌ನಲ್ಲಿ ಹುಡುಗ ಅವನೇ ಸ್ಕ್ರ್ಯಾಪ್ ಆರಿಸಿ, ಅವನೇ ಹಾಕಿ, ಸಿಡಿದಾಗ ಯಾವ ಕಡೆ ಓಡ್ಬೇಕು ಅಂತ ಅವನೇ ತಿರುಗಿ ನೋಡಿದ್ರೆ ಅದು ತಲೇಲಿ ಕೂರುತ್ತೆ. ಪೈಲಟ್‌ಗಳಿಗೆ ನೆಲದ ಮೇಲೇ ಕೂರಿಸಿ ಕಲಿಸೋ ಲಿಂಕ್ ಟ್ರೈನರ್ 1929ರಲ್ಲೇ ಬಂದಿತ್ತು, ಇದೂ ಅದೇ ಥರ. ಅಮೆರಿಕದ ವಾಲ್‌ಮಾರ್ಟ್ 2018ರಲ್ಲಿ ಸುಮಾರು 17,000 ಹೆಡ್‌ಸೆಟ್ ತರಿಸಿದ್ದನ್ನ ವೆಂಡರ್ ಹೇಳ್ಬೋದು, ಅದು ಅಂಗಡಿ ಕೆಲ್ಸ, ಅದನ್ನ ನೋಡಿ ಒಪ್ಕೋಬೇಡಿ.

ದುಡ್ಡು ಕೊಡೋ ಮುಂಚೆ ಒಂದು ಹಟ ಹಿಡೀರಿ: ನಿಮ್ಮ ಶೆಡ್ಡೇ ಅದ್ರಲ್ಲಿ ಇರ್ಬೇಕು. ಬಾಗಿಲು ನಿಮ್ಮಲ್ಲಿ ಎಡಕ್ಕಿದ್ದು ಅದ್ರಲ್ಲಿ ಬಲಕ್ಕಿದ್ರೆ ಕಲಿಸಿದ್ದೇ ಮುಳುವಾಗುತ್ತೆ. ವಾಯ್ಸ್ ಕನ್ನಡದಲ್ಲಿರ್ಲಿ, ಉತ್ತರ ಭಾರತದ ಹುಡುಗ್ರಿದ್ರೆ ಹಿಂದೀಲೂ. ಮೊದಲ ಸಲ ಹತ್ತು ನಿಮಿಷ ಸಾಕು. ಓಡಾಡ್ತಿದೀನಿ ಅನ್ನುತ್ತೆ ಕಣ್ಣು, ನಿಂತಲ್ಲೇ ಇದೀನಿ ಅನ್ನುತ್ತೆ ಒಳಕಿವಿ, ಕೆಲವ್ರಿಗೆ ತಲೆ ಸುತ್ತಿ ವಾಕರಿಕೆ ಬರುತ್ತೆ, ಅಂಥವ್ರನ್ನ ಸುಧಾರಿಸ್ಕೊಳ್ಳೋ ತನಕ ಮೆಷಿನ್ ಹತ್ರ ಬಿಡ್ಲೇಬೇಡಿ. ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯುತ್ತೆ, ಸಿಲಿಕಾ ಜೆಲ್ ಹಾಕಿ ಡಬ್ಬದಲ್ಲಿಡಿ, ಒಣಗ್ಲಿ ಅಂತ ಬಿಸಿಲಿಗೆ ಮಾತ್ರ ಇಡ್ಬೇಡಿ, ಲೆನ್ಸ್ ಬಿಸಿಲನ್ನ ಒಂದೇ ಕಡೆ ಬಿಟ್ಟು ಒಳಗಿನ ಸ್ಕ್ರೀನ್ ಸುಟ್ಟುಹೋಗುತ್ತೆ.

ಮೇಸ್ತ್ರಿನ ದೂರ ಇಡ್ಬೇಡಿ. ಎಲ್ಲಿ ಏನು ತಪ್ಪಾಗುತ್ತೆ ಅನ್ನೋದು ವೆಂಡರ್‌ಗಿಂತ ಅವ್ರಿಗೇ ಚೆನ್ನಾಗಿ ಗೊತ್ತು, ಸೀನ್ ಬರೆಯೋಕೆ ಅವ್ರನ್ನೇ ಕೂರಿಸಿ. ಹುಡುಗ ಹೆಡ್‌ಸೆಟ್ ತೆಗೆದ ಕೂಡ್ಲೇ ಅವ್ರೇ ಯಾರ್ಡ್‌ಗೆ ಕರ್ಕೊಂಡು ಹೋಗಿ, ರಾಶಿಲಿ ಒದ್ದೆ ಇರೋದು ಯಾವ್ದು ಆರಿಸು ನೋಡೋಣ ಅಂತ ಕೇಳ್ಲಿ.